ಕಳ್ಳಿಬೇಲಿಯ ಆಚೆ

ಶಾವಿಗೆ ಒತ್ತುವುದು ಇಬ್ಬರ ಕೆಲಸ. ಒಬ್ಬರು ಬೆಂದ ಹಿಟ್ಟಿನ ಉಂಡೆಯನ್ನು ಒರಳಿಗೆ ತುಂಬಿ ಕೆಳಗೆ ತಟ್ಟೆ ಹಿಡಿಯಬೇಕು, ಇನ್ನೊಬ್ಬರು ಮೇಲಿನ ಹಿಡಿಯ ಮೇಲೆ ಮೈಭಾರ ಬಿಟ್ಟು ಅದುಮಬೇಕು. ಆ ಶನಿವಾರ ಬೆಳಿಗ್ಗೆ ತಟ್ಟೆ ಹಿಡಿದು ಕೂತಿದ್ದವಳು ಜಾನಮ್ಮ, ಅದುಮುತ್ತಿದ್ದವಳು ಸೊಸೆ ಸಾಂತಿ. ಮೂರನೇ ಉಂಡೆಗೆ ಸಾಂತಿಯ ಸೆರಗು ಜಾರಿತು. ಬಾಗಿದಾಗಲೆಲ್ಲ ತೂಗಾಡಿ ಕೆಲಸಕ್ಕೆ ಅಡ್ಡ ಬರುತ್ತಿದ್ದ ತಾಳಿಸರ ಆ ಕುತ್ತಿಗೆಯಲ್ಲಿ ಇರಲಿಲ್ಲ.

"ಸರ ಎಲ್ಲಮ್ಮ?" ಜಾನಮ್ಮ ಕೇಳಿದಳು.

"ತೆಗೆದಿಟ್ಟಿದೀನಿ ಅತ್ತೆ."

"ಕೊಂಡಿ ಮುರೀತಾ?"

"ಇಲ್ಲ. ಮೂರು ವಾರ ಆಯ್ತು. ಕುರಿಚಿ ಸಭೆಯೋರ ಬಾವೀಲಿ ಮುಳುಗಿ ಜ್ಞಾನಸ್ನಾನ ತಗೊಂಡೆ. ಅಲ್ಲಿ ಯಾರೂ ಚಿನ್ನ ಹಾಕಲ್ಲ."

ಜಾನಮ್ಮನ ಕೈಯಿಂದ ತಟ್ಟೆ ಜಾರಿ ಶಾವಿಗೆಯೆಲ್ಲ ನೆಲದ ಪಾಲಾಯಿತು. ಮೂರು ವಾರ ಒಂದೇ ಒಲೆಯ ಮುಂದೆ ಕೂತಿದ್ದೂ ತಾನು ನೋಡಲಿಲ್ಲವಲ್ಲ ಎನ್ನುವುದೇ ಅವಳಿಗೆ ಮೊದಲ ಏಟು. ಎರಡನೆಯದು ಇನ್ನೂ ದೊಡ್ಡದು. ಗಂಡ ಕಲ್ಲುಗುಂಡಿನ ಹಾಗೆ ಬದುಕಿರುವಾಗ ಹೆಣ್ಣೊಬ್ಬಳು ತಾನಾಗಿ ಕುತ್ತಿಗೆ ಬರಿದು ಮಾಡಿಕೊಂಡದ್ದನ್ನು ಅವಳು ಐವತ್ತೈದು ವರ್ಷದಲ್ಲಿ ಕೇಳಿಯೂ ಇರಲಿಲ್ಲ.

"ಅರುಳಿಗೆ ಗೊತ್ತಾ?"

"ಗೊತ್ತು. ಸರ ಅವರ ಪೆಟ್ಟಿಗೇಲೇ ಅದೆ."

ಜಾನಮ್ಮ ನೆಲದ ಶಾವಿಗೆ ಬಳಿದು ತೆಗೆದಳು. ಸಾಂತಿ ನಾಲ್ಕನೇ ಉಂಡೆ ಕೈಗೆತ್ತಿಕೊಂಡು ನಿಂತೇ ಇದ್ದಳು.

ಆ ಮನೆ ಕೊಯಮತ್ತೂರಿನ ಗಣಪತಿ ಎನ್ನುವ ಬಡಾವಣೆಯಲ್ಲಿ, ಪಂಪ್ ವರ್ಕ್‌ಶಾಪುಗಳ ಹಿಂದಿನ ಬೀದಿಯಲ್ಲಿತ್ತು. ಜಾನಮ್ಮನ ಗಂಡ ಸತ್ಯನಾದನ್ ಅಂಥದೇ ಒಂದು ವರ್ಕ್‌ಶಾಪಿನಲ್ಲಿ ಮೇಸ್ತ್ರಿ, ಮಗ ಅರುಳ್ ಪಕ್ಕದ್ದರಲ್ಲಿ ಲೇತ್ ಓಡಿಸುವವನು. ಸತ್ಯನಾದನ್ನರ ಅಜ್ಜ ಮಗ್ಗದಲ್ಲಿ ನೇಯುತ್ತಿದ್ದವರು. ದೊರೆಗಳ ಕಾಲದಲ್ಲಿ ಮಿಷನ್ನಿನ ಮಾತು ಕೇಳಿ ಕ್ರಿಸ್ತನನ್ನು ನಂಬಿದರು. ಮಗ್ಗ ಹೋಯಿತು, ಕುಲದೇವರು ಹೋಯಿತು, ಕನ್ನಡ ಮಾತ್ರ ಮನೆಯೊಳಗೆ ಉಳಿಯಿತು. ಅದೂ ನಾಲಿಗೆಯ ಮೇಲೆ ಮಾತ್ರ. ಕನ್ನಡದ ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ಚರ್ಚನ್ನು ಎಲ್ಲರಂತೆ ಕೋಯಿಲ್ ಎನ್ನುತ್ತಿದ್ದರು. ಅಲ್ಲಿ ಹಾಡು, ಬೈಬಲ್ಲು, ಪ್ರಾರ್ಥನೆ ಎಲ್ಲವೂ ಗ್ರಂಥದ ತಮಿಳು. ಪ್ರಾರ್ಥನೆಗೆ ಅವರು ಅನ್ನುತ್ತಿದ್ದ 'ಜೆಬ' ಕೂಡ ತಮಿಳಿನಿಂದ ಬಂದದ್ದು. ಜಾನಮ್ಮ ಅಡಿಗೆ ಮಾಡುವುದು, ಜಗಳ ಆಡುವುದು, ಅಳುವುದು ಕನ್ನಡದಲ್ಲಿ. ದೇವರ ಹತ್ತಿರ ಮಾತ್ರ ಬಾಯಿಪಾಠದ ತಮಿಳು.

ಸತ್ಯನಾದನ್ ಹದಿನೆಂಟು ವರ್ಷದಿಂದ ಆ ಸಭೆಯ ಹಿರಿಯರು. ಸಂಜೆ ಕೆಲಸದಿಂದ ಬಂದು, ಕೈಗೆ ಮೆತ್ತಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆಯುತ್ತಿದ್ದಾಗ ಜಾನಮ್ಮ ವಿಷಯ ಹೇಳಿದಳು. ಅವರು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದರು.

"ಕೂಸಾಗಿದ್ದಾಗಲೇ ಅವಳಿಗೆ ಜ್ಞಾನಸ್ನಾನ ಆಗಿದೆ. ಸೂಲೂರು ಕೋಯಿಲ್ ರಿಜಿಸ್ಟರಲ್ಲಿ ನಾನೇ ನೋಡಿದೀನಿ," ಎಂದರು. "ಎರಡನೇ ಸಲ ತಗೊಂಡವರ ಹೆಸರು ಪಟ್ಟಿಯಿಂದ ತೆಗೀಬೇಕು. ಸಭೆ ಮುಂದೆ ಓದಿ ತೆಗೀಬೇಕು."

"ಆ ನಿಯಮ ಮಾಡಿದ್ದು ಯಾರಪ್ಪಾ?" ಅರುಳ್ ಕೇಳಿದ.

"ಕಮಿಟಿ."

"ಓದೋರು?"

ಸತ್ಯನಾದನ್ ಟವೆಲಿಗೆ ಕೈ ಒರೆಸಿಕೊಂಡರು. ಓದುವವರು ಅವರೇ.

ಅಂದಿನಿಂದ ಮನೆಯ ಊಟದ ಕ್ರಮ ಬದಲಾಯಿತು. ಸೊಸೆ ಬಡಿಸಿದ ತಟ್ಟೆಯನ್ನು ಸತ್ಯನಾದನ್ ಮುಟ್ಟುತ್ತಿರಲಿಲ್ಲ. ಸಾಂತಿ ಬೇಯಿಸಿದ ಹುರುಳಿ ಸಾರನ್ನೇ ಜಾನಮ್ಮ ಸೌಟಿನಲ್ಲಿ ತೆಗೆದು ಹಾಕಿದರೆ ಉಣ್ಣುತ್ತಿದ್ದರು. ಇದೆಂಥ ಮಡಿ ಎಂದು ಜಾನಮ್ಮನಿಗೆ ಅನ್ನಿಸಿತು. ಆದರೂ ಅವಳ ಸಿಟ್ಟು ಸೊಸೆಯ ಮೇಲೇ ಇತ್ತು. ಬೀದಿ ಕೊಳಾಯಿಯ ಹತ್ತಿರ ಒಬ್ಬಳು ಬಿಂದಿಗೆ ಕೆಳಗಿಟ್ಟು, "ನಿಮ್ಮ ಅರುಳ್ ಚೆನ್ನಾಗಿದಾನಾ ಅಕ್ಕಾ? ಸಾಂತಿ ಕುತ್ತಿಗೆ ನೋಡಿ ನನ್ನ ಎದೆ ಧಸಕ್ ಅಂತು," ಎಂದಾಗ ಅವಳು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದಿದ್ದಳು.

"ನನ್ನ ಮಗನ್ನ ಬೀದೀಲಿ ಸಾಯಿಸಿಬಿಟ್ಟಲ್ಲೇ," ಎಂದು ಕೊಡವನ್ನು ಸಾಂತಿಯ ಮುಂದೆ ಕುಕ್ಕಿದಳು.

"ಅವರು ಸೆಕೆಂಡ್ ಶಿಫ್ಟಿಗೆ ಹೋಗವ್ರೆ ಅತ್ತೆ. ಟಿಫಿನ್ ಕ್ಯಾರಿಯರ್ ಕೊಟ್ಟು ಕಳಿಸಿದೀನಿ," ಎಂದಳು ಸಾಂತಿ. ದನಿಯಲ್ಲಿ ವ್ಯಂಗ್ಯವೂ ಇರಲಿಲ್ಲ, ಅಳುವೂ ಇರಲಿಲ್ಲ. ಜಾನಮ್ಮನಿಗೆ ಅದನ್ನೇ ತಡೆಯಲಾಗುತ್ತಿರಲಿಲ್ಲ.

ಮುಂದಿನ ವಾರ ಕಮಿಟಿಯ ನಾಲ್ವರು ಮನೆಗೇ ಬಂದರು. ಕಾರ್ಯದರ್ಶಿ ರಾಜಮಾಣಿಕ್ಯಂ ತಮ್ಮ ಸೈಕಲ್ಲನ್ನು ಜಗುಲಿಗೆ ಒರಗಿಸಿ, ಒಳಗೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಜಾನಮ್ಮ ಕಾಫಿ ಕೊಡುತ್ತ ಅವರ ಮಾತು ಕೇಳಿಸಿಕೊಂಡಳು. ಎರಡು ವರ್ಷದಲ್ಲಿ ಮೂವತ್ತು ಮನೆಯವರು ಕೋಯಿಲಿಗೆ ಬರುವುದು ಬಿಟ್ಟಿದ್ದರು. ಹಿಂದಿನ ಆರು ಬೆಂಚು ಖಾಲಿ. ಹಾಡುವವರಲ್ಲಿ ಉಳಿದವರು ನಾಲ್ಕು ಮುದುಕಿಯರು. ಆದರೆ ಕಮಿಟಿಯವರು ಅರ್ಧ ತಾಸು ಮಾತಾಡಿದ್ದು ಸುಗ್ಗಿಹಬ್ಬದ ಮೆರವಣಿಗೆಯಲ್ಲಿ ಶಿಲುಬೆಯ ಹಿಂದೆ ಮೊದಲು ಯಾವ ಮನೆತನ ನಡೆಯಬೇಕು ಎನ್ನುವುದನ್ನು.

"ಹೋದವರೆಲ್ಲ ಯಾಕೆ ಹೋದರು ಅಂತ ಯಾರಾದರೂ ಕೇಳಿದೀರಾ?" ಜಾನಮ್ಮ ಲೋಟ ಎತ್ತಿಕೊಳ್ಳುತ್ತ ತಮಿಳಿನಲ್ಲಿ ಕೇಳಿದಳು. ಕೇಳಿದ ಮೇಲೆ ಅವಳಿಗೇ ಗಾಬರಿಯಾಯಿತು.

"ಚಪ್ಪಾಳೆ ಹೊಡೆದು ಕುಣಿಯೋ ಕಡೆ ಹೋದರಮ್ಮ," ರಾಜಮಾಣಿಕ್ಯಂ ನಕ್ಕರು. ಆಮೇಲೆ ಸತ್ಯನಾದನ್ನರ ಕಡೆ ತಿರುಗಿದರು. "ಮೊದಲು ನಿಮ್ಮ ಮನೆ ಸೊಸೆ ಹೆಸರು ಓದಿ. ಹಿರಿಯರ ಮನೆಗೇ ಮಾಫಿ ಇಲ್ಲ ಅಂದರೆ ಉಳಿದವರಿಗೆ ಭಯ ಬರುತ್ತದೆ. ತಿಂಗಳ ಕೊನೆಯ ಭಾನುವಾರ ಇಟ್ಟುಕೊಳ್ಳೋಣ."

ಸತ್ಯನಾದನ್ ತಲೆಯಾಡಿಸಿದರು. ಅಡಿಗೆಮನೆಯಲ್ಲಿ ಸಾಂತಿ ತೆಂಗಿನಕಾಯಿ ತುರಿಯುತ್ತಿದ್ದ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ.

ಬುಧವಾರ ಸಾಂತಿ ಕುರಿಚಿಗೆ ಹೊರಟಾಗ ಜಾನಮ್ಮನೂ ಸೀರೆ ಬದಲಿಸಿದಳು. "ನಿನ್ನ ಆ ಬೋಧಕನ ಮುಖ ನೋಡಬೇಕು. ಕಟ್ಟಿದ ತಾಳಿ ಬಿಚ್ಚಿಸೋಕೆ ಅವನ್ಯಾರು ಅಂತ ಕೇಳಬೇಕು," ಎಂದಳು. ಸಾಂತಿ ಬೇಡ ಎನ್ನಲಿಲ್ಲ. ಗಾಂಧಿಪುರದಲ್ಲಿ ಬಸ್ಸು ಬದಲಿಸಿ, ಉಕ್ಕಡ ದಾಟಿ, ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತು ಕುರಿಚಿ ತಲುಪಿದರು.

ಅದೊಂದು ತಗಡಿನ ಶೆಡ್ಡು. ಪಕ್ಕದಲ್ಲೇ ಫೌಂಡ್ರಿ. ಅಚ್ಚಿನ ಕರಿಮರಳು ಗಾಳಿಗೆ ಹಾರಿಬಂದು ನೆಲದ ಚಾಪೆಗಳ ಮೇಲೆಲ್ಲ ಕೂತಿತ್ತು. ಚಾಪೆಯ ಮೇಲೆ ಐವತ್ತು ಅರವತ್ತು ಜನ. ಅವರಲ್ಲಿ ಹತ್ತು ಹನ್ನೆರಡು ಮುಖಗಳನ್ನು ಕಂಡು ಜಾನಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಎಲ್ಲ ತನ್ನ ಕೋಯಿಲಿನವರೇ. ಮುಂದಿನ ಸಾಲಿನಲ್ಲಿ ಕನ್ನಿಯಮ್ಮಾಳ್ ಕೂತಿದ್ದಳು. ಮೂವತ್ತು ವರ್ಷದಿಂದ ಅವರ ಕೋಯಿಲಿನ ಅಂಗಳ ಗುಡಿಸಿ, ಗಂಡನ ಜೊತೆ ಸ್ಮಶಾನದ ಗುಂಡಿ ತೋಡಿ, ಗಂಡ ಸತ್ತ ಮೇಲೆ ಒಬ್ಬಳೇ ಅದನ್ನು ನೋಡಿಕೊಳ್ಳುತ್ತಿದ್ದವಳು. ಕೋಯಿಲಿನೊಳಗೆ ಅವಳು ಎಲ್ಲಿ ಕೂರುತ್ತಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದಳು ಜಾನಮ್ಮ. ಆಗಲಿಲ್ಲ.

ಬೋಧಕ ತಂಗವೇಲು ಫೌಂಡ್ರಿಯಲ್ಲಿ ಅಚ್ಚು ಮಾಡುವವನು. ಕೈಮೇಲೆಲ್ಲ ಸುಟ್ಟ ಕಲೆ. ಅವನು ಹೆಚ್ಚು ಮಾತಾಡಲಿಲ್ಲ. "ಯಾರಿಗೆ ಏನು ಭಾರ ಅದೆಯೋ ಹೇಳಿ," ಎಂದು ಕೂತುಬಿಟ್ಟ. ಒಬ್ಬೊಬ್ಬರಾಗಿ ಎದ್ದು ತಮಗೆ ಬಂದ ಮಾತಿನಲ್ಲಿ ಹೇಳತೊಡಗಿದರು. ಒಬ್ಬಳು ತೆಲುಗಿನಲ್ಲಿ, ಒಬ್ಬ ಮಲಯಾಳದಲ್ಲಿ. ಸಾಂತಿ ಎದ್ದು ಕಣ್ಣು ಮುಚ್ಚಿದಳು. ಅವಳ ಬಾಯಿಂದ ಬಂದದ್ದು ಮನೆಯ ಕನ್ನಡ.

"ಅಪ್ಪಾ, ಇವತ್ತು ನಮ್ಮತ್ತೆ ಬಂದವ್ರೆ. ಅವರ ಮನಸ್ಸಿಗೆ ನೋವು ಕೊಟ್ಟಿದೀನಿ, ಮಾಫಿ ಮಾಡು. ಬೇಲಿಯಾಚೆ ಮಲಗಿರೋ ನನ್ನ ಮಗಳ ವಿಷಯ ಅವರಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ. ಅವಳ್ನ ನೀನೇ ನೋಡ್ಕೋ."

ಜಾನಮ್ಮ ಒಳಗೆ ನುಗ್ಗಿ ಸಾಂತಿಯ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

"ಯಾವ ಬೇಲಿ?"

"ಕೂತ್ಕೊಳ್ಳಿ ಅತ್ತೆ."

"ಯಾವ ಬೇಲಿ ಅಂತ ಕೇಳಿದೆ."

ಎರಡು ವರ್ಷದ ಹಿಂದೆ ಸಾಂತಿಗೆ ಹೆಣ್ಣು ಮಗು ಹುಟ್ಟಿ, ಆಸ್ಪತ್ರೆಯಲ್ಲಿ ಎರಡು ದಿನ ಬದುಕಿ ಹೋಗಿತ್ತು. ಸಾಂತಿಗೆ ಜ್ವರ ಏರಿ ಹನ್ನೊಂದು ದಿನ ಪ್ರಜ್ಞೆ ಇರಲಿಲ್ಲ. ಜಾನಮ್ಮ ಅವಳ ಮಂಚ ಬಿಟ್ಟು ಕದಲಿರಲಿಲ್ಲ. ಅರುಳ್ ಔಷಧಿಗೆ, ರಕ್ತಕ್ಕೆ ಓಡಾಡುತ್ತಿದ್ದ. ಮಗುವನ್ನು ಟವೆಲಿನಲ್ಲಿ ಸುತ್ತಿ ಒಯ್ದವರು ಸತ್ಯನಾದನ್. ಸಂಜೆ ಬಂದು, "ಪಾದ್ರಿಗಳು ಜೆಬ ಮಾಡಿದರು. ನಮ್ಮವ್ವನ ಕಾಲ ಹತ್ರಾನೇ ಮಣ್ಣು ಮಾಡಿದೆ," ಎಂದಿದ್ದರು. ಆಮೇಲೆ ಎರಡು ನವೆಂಬರ್ ಬಂದುಹೋಗಿತ್ತು. ಸಮಾಧಿಗಳಿಗೆ ಸುಣ್ಣ ಹೊಡೆಯುವ ಆ ಹಬ್ಬದ ದಿನ ಜಾನಮ್ಮ ಅತ್ತೆಯ ಕಲ್ಲಿಗೆ ಹೂವಿಟ್ಟು, ಕಾಲ ದೆಸೆಗೆ ಒಂದು ಹಿಡಿ ಸೇವಂತಿಗೆಯನ್ನು ಬೇರೆಯಾಗಿ ಹಾಕಿ ಬಂದಿದ್ದಳು.

"ಅಲ್ಲಿ ಇಲ್ಲ ಅತ್ತೆ," ಎಂದಳು ಸಾಂತಿ. "ಮೈಯಲ್ಲಿ ಶಕ್ತಿ ಬಂದ ಮೇಲೆ ಒಂದು ದಿನ ನಾನೇ ಹೂವು ತಗೊಂಡು ಹೋಗಿದ್ದೆ. ಕನ್ನಿಯಮ್ಮಾಳ್ ನನ್ನ ಕೈ ಹಿಡಿದು ಕಳ್ಳಿಬೇಲಿ ಆಚೆ ಕರ್ಕೊಂಡು ಹೋದ್ಲು. ಜ್ಞಾನಸ್ನಾನ ಆಗದ ಕೂಸಿಗೆ ಒಳಗೆ ಜಾಗ ಇಲ್ಲ, ಜೆಬಾನೂ ಇಲ್ಲ. ಪಾದ್ರಿ ಬರ್ಲೇ ಇಲ್ಲ. ಕನ್ನಿಯಮ್ಮಾಳ್ ಗಂಡನೇ ಗುಂಡಿ ತೋಡಿದ್ದು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಹೂವು ಹಾಕೋದು ನೋಡ್ದೆ. ಹೇಳೋಕೆ ಬಾಯಿ ಬರ್ಲಿಲ್ಲ. ಅವರಿಗೂ ಹೇಳಿಲ್ಲ, ಅಪ್ಪ ಮಗ ಹೊಡೆದಾಡ್ತಾರೆ ಅಂತ. ಮೂರು ತಿಂಗಳು ಕೋಯಿಲಿಂದ ಒಬ್ಬರೂ ಮನೆ ಬಾಗಿಲಿಗೆ ಬರ್ಲಿಲ್ಲ, ನೆನಪದೆಯಾ? ಕುರಿಚಿ ಹೆಂಗಸರು ಬಂದು ನನ್ನ ಬಟ್ಟೆ ಒಗೆದು ಹೋದ್ರು."

ಜಾನಮ್ಮನಿಗೆ ನೆನಪಿತ್ತು. ಯಾರೋ ಕೂಲಿಯವರು ಎಂದುಕೊಂಡು ಅವರಿಗೆ ಒಂದು ಲೋಟ ನೀರು ಕೂಡ ಕೊಟ್ಟಿರಲಿಲ್ಲ.

ತಂಗವೇಲು ಹೊರಗೆ ಬಂದು ದೂರದಲ್ಲಿ ನಿಂತ. ಕೇಳಬೇಕೆಂದು ಬಂದಿದ್ದನ್ನು ಜಾನಮ್ಮ ಆದರೂ ಕೇಳಿದಳು.

"ತಾಳಿ ಬಿಚ್ಚು ಅಂದೋನು ನೀನೇನಾ?"

"ಚಿನ್ನ ಲೋಕದ ಆಸೆ ಅಮ್ಮ..."

"ನಮ್ಮೋರು ತಲೆಗೆ ನೀರು ಬಿದ್ದಿಲ್ಲ ಅಂತ ಕೂಸನ್ನ ಹೊರಗಿಟ್ಟರು. ನೀನು ಕುತ್ತಿಗೇಲಿ ಚಿನ್ನ ಅದೆ ಅಂತ ನೋಡ್ತೀಯ. ತಲೆ ಕುತ್ತಿಗೆ ಬಿಟ್ಟು ಇನ್ನೇನೂ ಕಾಣಲ್ವಾ ನಿಮಗೆ?"

ತಂಗವೇಲು ಕೈಮೇಲಿನ ಸುಟ್ಟ ಕಲೆಯನ್ನು ಉಜ್ಜಿಕೊಂಡ. "ನೀವು ಹೇಳೋದನ್ನ ಯೋಚನೆ ಮಾಡ್ತೀನಿ," ಎಂದ. ಕಮಿಟಿಯವರ ಬಾಯಲ್ಲಿ ಅಂಥ ಮಾತನ್ನು ಜಾನಮ್ಮ ಒಮ್ಮೆಯೂ ಕೇಳಿರಲಿಲ್ಲ.

ಆ ದಿನ ಏಳು ಗಂಟೆಗೆ ಊಟಕ್ಕೆ ಕೂತಾಗ ಅವಳು ಗಂಡನ ತಟ್ಟೆಗೆ ರಾಗಿ ಮುದ್ದೆ ಹಾಕಿ, ಸೌಟು ಹಿಡಿದೇ ಕೇಳಿದಳು.

"ಕೂಸನ್ನ ಎಲ್ಲಿ ಇಟ್ಟಿದೀರಿ?"

ಸತ್ಯನಾದನ್ ಮುದ್ದೆ ಮುರಿದವರು ಹಾಗೇ ಕೂತರು. ಅರುಳ್ ತಲೆಯೆತ್ತಿ ಅಪ್ಪನನ್ನೂ ಅವ್ವನನ್ನೂ ನೋಡಿದ.

"ನಿಯಮ ಅದೆ," ಎಂದರು ಅವರು ಕೊನೆಗೆ. "ಟವೆಲು ಹಿಡಿದು ಗೇಟಿನ ಹತ್ರ ನಿಂತಿದ್ದೆ. ರಾಜಮಾಣಿಕ್ಯಂ ಬಂದು ನೆನಪು ಮಾಡಿದರು. ಹಿರಿಯನಾಗಿ ನಾನೇ ಮುರಿದರೆ ನಾಳೆ ಯಾರು ಕೇಳ್ತಾರೆ?"

"ಪಾದ್ರಿ ಜೆಬ ಮಾಡಿದರು ಅಂದ್ರಿ."

"ನಿನಗೆ ನೋವಾಗಬಾರದು ಅಂತ."

"ಏನಪ್ಪಾ ಇದು?" ಎಂದ ಅರುಳ್. "ಏನವ್ವಾ ಹೇಳ್ತಿದಾರೆ ಇವರು?"

ಸಾಂತಿ ಎದ್ದು ಗಂಡನ ಪಕ್ಕದಲ್ಲಿ ಕೂತು ಬೇಲಿಯ ವಿಷಯ ಹೇಳಿದಳು. ಅರುಳ್ ಕೈಯನ್ನು ತಟ್ಟೆಯಲ್ಲೇ ತೊಳೆದು, ಎಡಗೈಯಿಂದ ತಟ್ಟೆಯನ್ನು ದೂರ ತಳ್ಳಿದ. ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಸತ್ಯನಾದನ್ ಕೂಡ ಯಾರ ಕೈಯಿಂದಲೂ ಸರಿಯಾಗಿ ಉಣ್ಣಲಿಲ್ಲ.

ಶನಿವಾರ ಮಧ್ಯಾಹ್ನ ಜಾನಮ್ಮ ಹೇಳಿದಳು: "ಬನ್ನಿ, ಜಾಗ ತೋರಿಸಿ."

ನಾಲ್ವರೂ ಹೋದರು. ಸ್ಮಶಾನದ ಸುತ್ತ ಆಳೆತ್ತರ ಬೆಳೆದ ಕಳ್ಳಿಬೇಲಿ. ಆಚೆಗೆ ಜಾಲಿ, ಒಡೆದ ಹೆಂಚು, ಆಡಿನ ಹಿಕ್ಕೆ. ಸತ್ಯನಾದನ್ ಮುಂದೆ ನಡೆದರು. ಮೂಲೆಯ ಬೇವಿನ ಮರದಿಂದ ಹತ್ತು ಹೆಜ್ಜೆ ಎಣಿಸಿ ನಿಂತರು. ಮತ್ತೆ ಹಿಂದೆ ಬಂದು ಎಣಿಸಿದರು. ಜಾಲಿಯ ಮುಳ್ಳಿಗೆ ಪಂಚೆ ಸಿಕ್ಕಿ ಹರಿಯಿತು. ಬೇಲಿಯ ಉದ್ದಕ್ಕೂ ಆ ತುದಿಗೆ ಹೋದರು, ಈ ತುದಿಗೆ ಬಂದರು. ಸಾಂತಿಗೆ ಜಾಗ ಗೊತ್ತಿತ್ತು. ಅವಳು ಬಾಯಿ ಬಿಡದೆ ನೋಡುತ್ತ ನಿಂತಳು.

"ಸಂಜೆಯಾಗಿತ್ತು," ಎಂದರು ಸತ್ಯನಾದನ್. "ಇಲ್ಲೇ ಎಲ್ಲೋ..." ಮಾತು ಮುಗಿಸಲಾಗದೆ ಅವರು ಕೂತುಬಿಟ್ಟರು. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡ ಹಾಗೆ ಬರಿ ಮಣ್ಣಿನ ಮೇಲೆ ಕೂತದ್ದನ್ನು ಜಾನಮ್ಮ ನೋಡಿರಲಿಲ್ಲ.

ಕನ್ನಿಯಮ್ಮಾಳ್ ಪೊರಕೆ ಹಿಡಿದು ಬಂದಳು. ಏನೂ ಕೇಳದೆ ಜಾಲಿಯ ಕೊಂಬೆಯೊಂದನ್ನು ಸರಿಸಿ ಪೊರಕೆಯಿಂದ ಎಲೆ ಗುಡಿಸಿದಳು. ತಲೆದಿಂಬಿನಷ್ಟು ದೊಡ್ಡ ಕಲ್ಲೊಂದು ಕಂಡಿತು. ಅದರ ಪಕ್ಕ ಇನ್ನೊಂದು. ಆಮೇಲೆ ಇನ್ನೊಂದು. ಗುಡಿಸುತ್ತ ಹೋದ ಹಾಗೆ ಸಾಲು ಉದ್ದವಾಗುತ್ತ ಹೋಯಿತು. ಜಾನಮ್ಮ ಎಣಿಸಿದಳು. ಹದಿನಾಲ್ಕು.

"ಇಷ್ಟೂ ನಮ್ಮ ಕೋಯಿಲಿನವಾ?"

"ಎಲ್ಲ ನಿಮ್ಮ ಕೋಯಿಲಿನವರದೇ ಅಮ್ಮ," ಕನ್ನಿಯಮ್ಮಾಳ್ ತನ್ನ ತಮಿಳಿನಲ್ಲಿ ಹೇಳಿದಳು. "ಇದು ಮರಗದಂ ಟೀಚರದು. ಇದು ನಿಮ್ಮದು. ಆ ಐದನೆಯದು ರಾಜಮಾಣಿಕ್ಯಂ ಅಯ್ಯನ ಮನೆಯದು."

"ಅವರ ಹೆಂಡತಿಗೆ ಗೊತ್ತಾ?"

"ಎತ್ತಿಕೊಂಡು ಬರೋರು ಗಂಡಸರು. ಹೆಂಗಸರು ಆಗ ಹಾಸಿಗೇಲಿರ್ತಾರೆ. ಹಳೇವಕ್ಕೆ ಕಲ್ಲಿಟ್ಟಿದ್ದು ನಮ್ಮ ಮಾವ, ಉಳಿದವಕ್ಕೆ ನನ್ನ ಗಂಡ. ಗುರುತು ಇರಲಿ, ಯಾರಾದರೂ ಒಂದು ದಿನ ಕೇಳ್ತಾರೆ ಅಂದಿದ್ದ."

ಮರುದಿನ ತಿಂಗಳ ಕೊನೆಯ ಭಾನುವಾರ. ಜಾನಮ್ಮ ಹೆಂಗಸರ ಕಡೆಯ ಎರಡನೇ ಬೆಂಚಿನಲ್ಲಿ ಸಾಂತಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಹಾಡು ಮುಗಿಯಿತು. ಸತ್ಯನಾದನ್ ಎದ್ದು ಮುಂದೆ ಹೋಗಿ ಕನ್ನಡಕ ಹಾಕಿಕೊಂಡು ಜೇಬಿನಿಂದ ಕಾಗದ ತೆಗೆದರು. ಕಾಗದ ಬಿಡಿಸಿದರು. ಮತ್ತೆ ಮಡಿಸಿದರು.

"ನನ್ನ ಮೊಮ್ಮಗಳು," ಎಂದರು. "ಎರಡು ದಿನ ಬದುಕಿದ್ದಳು. ಜ್ಞಾನಸ್ನಾನ ಆಗಿರಲಿಲ್ಲ. ಅವಳನ್ನು ನಾನೇ ಬೇಲಿಯಾಚೆ ಇಟ್ಟೆ. ಜೆಬ ಆಯಿತು ಅಂತ ಮನೆಯಲ್ಲಿ ಸುಳ್ಳು ಹೇಳಿದೆ. ನಿನ್ನೆ ಹುಡುಕೋಕೆ ಹೋದರೆ ನನಗೆ ಜಾಗ ಸಿಕ್ಕಲಿಲ್ಲ."

ರಾಜಮಾಣಿಕ್ಯಂ ಎದ್ದು, "ಹಿರಿಯರೇ, ಪಟ್ಟಿ ಓದಿ," ಎಂದರು.

ಆಗ ಹೆಂಗಸರ ಕಡೆಯಿಂದ ಮರಗದಂ ಟೀಚರ್ ಎದ್ದು ನಿಂತರು. ಎಪ್ಪತ್ತು ದಾಟಿದ ವಿಧವೆ, ಆ ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. "ನನ್ನದು ಗಂಡು. ಐವತ್ತೆರಡನೇ ಇಸವಿ," ಎಂದರು. "ನನ್ನವರು ಸಾಯುವಾಗ ಹೇಳಿದರು. ಅಲ್ಲಿತನಕ ನನಗೂ ಗೊತ್ತಿರಲಿಲ್ಲ."

ಅವರು ಕೂರಲಿಲ್ಲ. ಅವರ ಹಿಂದೆ ಇನ್ನೊಬ್ಬಳು ಎದ್ದಳು. ಮೂರನೆಯವರಾಗಿ ಎದ್ದವರು ರಾಜಮಾಣಿಕ್ಯಂ ಅವರ ಹೆಂಡತಿ ತಂಗಮಣಿ. ಸಭೆಯಲ್ಲಿ ಅವರ ದನಿಯನ್ನು ಯಾರೂ ಕೇಳಿದವರಲ್ಲ. ಅವರು ಸಭೆಗೆ ಏನೂ ಹೇಳಲಿಲ್ಲ. ನಡುವಿನ ಹಾದಿಯ ಆಚೆ ನಿಂತಿದ್ದ ಗಂಡನ ಕಡೆ ತಿರುಗಿ, ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುವಷ್ಟೇ ಮೆಲ್ಲಗೆ ಕೇಳಿದರು:

"ನಮ್ಮ ಮಗು ಎಲ್ಲಿದೆ?"

ರಾಜಮಾಣಿಕ್ಯಂ ಕೈಯಲ್ಲಿದ್ದ ಹಾಡಿನ ಪುಸ್ತಕ ಬೆಂಚಿನ ಮೇಲಿಟ್ಟು ಬಾಗಿಲ ಕಡೆ ನಡೆದುಬಿಟ್ಟರು.

ಜಾನಮ್ಮ ಎದ್ದು ತಂಗಮಣಿಯ ಕೈ ಹಿಡಿದಳು. "ಬನ್ನಿ. ಕನ್ನಿಯಮ್ಮಾಳಿಗೆ ಗೊತ್ತು."

ಹೆಂಗಸರು ಪಕ್ಕದ ಬಾಗಿಲಿಂದ ಹೊರಟರು. ಗಂಡಸರಲ್ಲಿ ಕೆಲವರು ಹೊರಟರು, ಕೆಲವರು ಕೂತೇ ಇದ್ದರು. ವರ್ಷದ ಹಿಂದೆ ಬಂದಿದ್ದ ಎಳೆಯ ಪಾದ್ರಿಗೆ ಆ ಕಲ್ಲುಗಳ ವಿಷಯವೇ ತಿಳಿದಿರಲಿಲ್ಲ. ಅವರು ಮೇಲಂಗಿಯನ್ನು ಎತ್ತಿಹಿಡಿದು ಜಾಲಿಯ ನಡುವೆ ಬಂದು ನಿಂತರು. ಆರಾಧನೆಯ ಪುಸ್ತಕ ತೆರೆದು ಹಾಳೆ ತಿರುವಿದರು. ಜ್ಞಾನಸ್ನಾನ ಆಗದವರಿಗೆ ಅದರಲ್ಲಿ ಏನೂ ಇರಲಿಲ್ಲ. ಪುಸ್ತಕ ಮುಚ್ಚಿ, "ಅಮ್ಮಂದಿರೇ, ನೀವೇ ಯಾರಾದರೂ ಜೆಬ ಮಾಡಿ," ಎಂದರು.

ಯಾರೂ ಬಾಯಿ ತೆರೆಯದಿದ್ದಾಗ ಜಾನಮ್ಮ ತೆರೆದಳು. ಬಾಯಿಪಾಠದ ತಮಿಳು ಬರಲಿಲ್ಲ. "ಕೂಸುಗಳಾ," ಎಂದಳು ಕನ್ನಡದಲ್ಲಿ, "ತಡವಾಯ್ತು. ನಾವು ಬಂದಿದೀವಿ." ಅಷ್ಟೇ. ಆಮೆನ್ ಎನ್ನುವುದನ್ನೂ ಮರೆತಳು. ಅರ್ಧ ಜನಕ್ಕೆ ಆ ಮಾತು ತಿಳಿಯದು. ಯಾರೂ ಅರ್ಥ ಕೇಳಲಿಲ್ಲ.

ಆಮೇಲಿನ ವಾರಗಳು ಸುಲಭವಾಗಿರಲಿಲ್ಲ. ಕೋಯಿಲಿನ ಮೇಲಧಿಕಾರಿಗಳಿಗೆ ದೂರು ಹೋಯಿತು. ಸತ್ಯನಾದನ್ನರ ಹಿರಿತನ ಹೋಯಿತು. ಎರಡು ಮನೆಯವರು ಜಾನಮ್ಮನ ಜೊತೆ ಮಾತು ಬಿಟ್ಟರು. ಸಾಂತಿ ಬುಧವಾರ ಕುರಿಚಿಗೆ ಹೋಗುವುದನ್ನು ಬಿಡಲಿಲ್ಲ. ಭಾನುವಾರ ಗಣಪತಿಯ ಕೋಯಿಲಿಗೂ ಬರತೊಡಗಿದಳು. ಜಾನಮ್ಮ ಮತ್ತು ಮರಗದಂ ಟೀಚರ್ ಕೋಯಿಲಿಗೆ ಬರುವುದು ಬಿಟ್ಟ ಮೂವತ್ತು ಮನೆಗಳಿಗೂ ಒಂದೊಂದು ಸಂಜೆ ಹೋದರು. ಬನ್ನಿ ಎಂದು ಕರೆಯಲಿಲ್ಲ. ಯಾಕೆ ಹೋದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಕೂತು ಕೇಳಿಸಿಕೊಂಡು ಬಂದರು. ಕೆಲವು ಮನೆಯಲ್ಲಿ ಕೂರಿ ಎನ್ನಲಿಲ್ಲ. ಒಂದು ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ.

ಬೇಲಿ ಕಡಿಯಲು ಪಾದ್ರಿ ಮೇಲಿನವರ ಒಪ್ಪಿಗೆಗಾಗಿ ಕಾಯಲಿಲ್ಲ. ಜೂನಿನ ಒಂದು ಶನಿವಾರ ಸತ್ಯನಾದನ್, ಅರುಳ್, ಬೀದಿಯ ಆರೇಳು ಗಂಡಸರು ಕೊಡಲಿ ಹಿಡಿದು ಬಂದರು. ಕುರಿಚಿಯಿಂದ ತಂಗವೇಲು ನಾಲ್ಕು ಜನರನ್ನು ಕರೆದುಕೊಂಡು ಬಂದ. ಕಳ್ಳಿಯ ಹಾಲು ಸಿಡಿದು ಕಣ್ಣು ಉರಿಯದಿರಲೆಂದು ಎಲ್ಲರೂ ಮುಖಕ್ಕೆ ಟವೆಲು ಕಟ್ಟಿಕೊಂಡಿದ್ದರು. ಯಾರು ಯಾವ ಸಭೆಯವರೆಂದು ಗುರುತು ಸಿಕ್ಕುವ ಹಾಗಿರಲಿಲ್ಲ. ಜಾನಮ್ಮ ಮತ್ತು ಸಾಂತಿ ದೊಡ್ಡ ಪಾತ್ರೆಯಲ್ಲಿ ಸಜ್ಜೆಗಂಜಿಗೆ ಮಜ್ಜಿಗೆ ಬೆರೆಸಿ ತಂದರು. ಸತ್ಯನಾದನ್ ಸಾಂತಿಯ ಕಡೆಗೆ ಕೈ ಚಾಚಿ, "ಒಂದು ಲೋಟ ಕೊಡಮ್ಮ," ಎಂದರು. ಅವಳು ಕೊಟ್ಟಳು.

ರಾಜಮಾಣಿಕ್ಯಂ ರಸ್ತೆಯಲ್ಲಿ ಸೈಕಲ್ ಹಿಡಿದು ನಿಂತಿದ್ದರು. ಬೆಳಿಗ್ಗೆಯಿಂದ ಅದು ಮೂರನೇ ಸಲ. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಕಳ್ಳಿ ಉರುಳಿತು. ಈಗ ರಸ್ತೆಯಿಂದಲೇ ಎಲ್ಲ ಕಲ್ಲೂ ಕಾಣುತ್ತಿದ್ದವು. ಐದನೆಯದರ ಪಕ್ಕದಲ್ಲಿ ತಂಗಮಣಿ ಬೆನ್ನು ಹಾಕಿ ಕೂತು, ಸುತ್ತಲಿನ ಗರಿಕೆಯನ್ನು ಒಂದೊಂದಾಗಿ ಕೀಳುತ್ತಿದ್ದರು.

ರಾಜಮಾಣಿಕ್ಯಂ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು.